ಒಂದು ತಿಂಗಳು ಸೇಡಂನಿಂದ ಲಾಗಿನ್

ಜರ್ಮನಿಯ ಪೂರ್ವದ ಅಂಚಿನಲ್ಲಿ ಗೋರ್ಲಿಟ್ಸ್ ಅಂತ ಒಂದು ಹಳೇ ಊರಿದೆ. 'ದ ಗ್ರ್ಯಾಂಡ್ ಬುಡಾಪೆಸ್ಟ್ ಹೋಟೆಲ್' ಸಿನಿಮಾ ನೋಡಿದ್ದರೆ ಆ ಊರನ್ನೂ ನೋಡಿದ ಹಾಗೇ, ಅದರ ಶೂಟಿಂಗ್ ಬಹುಪಾಲು ನಡೆದಿದ್ದು ಅಲ್ಲೇ. 1945ರಲ್ಲಿ ಮಹಾಯುದ್ಧ ಮುಗಿದಾಗ ಊರಿನ ನಡುವೆ ಹರಿಯುವ ನೈಸೆ ನದಿಯೇ ಗಡಿಯಾಯಿತು. ಆಚೆ ದಂಡೆ ಪೋಲೆಂಡಿಗೆ ಸೇರಿ, ಬೇರೆ ಹೆಸರಿನ ಬೇರೆ ಊರಾಯಿತು. ಯುದ್ಧದಲ್ಲಿ ಮುರಿದುಬಿದ್ದ ಹಳೇ ಸೇತುವೆ ಮತ್ತೆ ಕಟ್ಟಿದ್ದು 2004ರಲ್ಲಿ.

1990ರ ನಂತರ ಕೆಲಸ ಹುಡುಕಿಕೊಂಡು ಅಲ್ಲಿನ ಯುವಕರು ಊರು ಬಿಟ್ಟರು, ಮನೆಗಳು ಖಾಲಿ ಬಿದ್ದವು. ಆಮೇಲೆ ಊರಿನವರೇ ಒಂದು ಉಪಾಯ ಮಾಡಿದರು: ಬನ್ನಿ, ಕೆಲವು ವಾರ ಇಲ್ಲಿದ್ದುಕೊಂಡೇ ನಿಮ್ಮ ಕೆಲಸ ಮಾಡಿ ನೋಡಿ. ಇರೋಕೆ ಮನೆ, ಕೂತು ಕೆಲಸ ಮಾಡೋಕೆ ಜಾಗ ನಾವು ಕೊಡ್ತೀವಿ.

ಇದು ಗೊತ್ತಾದಾಗ ನನ್ನ ತಲೆಗೆ ಬಂದಿದ್ದು ನಮ್ಮ ಸೇಡಂ. ನಮ್ಮದೂ ಗಡಿ ಊರೇ ಅಲ್ವಾ? 1948ರ ಸೆಪ್ಟೆಂಬರ್ 17ರವರೆಗೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದವರು. 1956ರ ನವೆಂಬರ್ 1ಕ್ಕೆ ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಆದರೆ ಅದೇ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಆಂಧ್ರದ ಪಾಲಾದವು. ಈಗ ಅವು ತೆಲಂಗಾಣದಲ್ಲಿವೆ.

ಗೆರೆ ಮೇಲೆ ಬಿತ್ತು, ನೆಲದೊಳಗೆ ಏನೂ ಬದಲಾಗಲಿಲ್ಲ. ಬೆಂಗಳೂರಿನ ಅಂಗಡಿಯಲ್ಲಿ ಕೇಳಿ ನೋಡಿ, ಶಹಾಬಾದ್ ಕಲ್ಲು, ತಾಂಡೂರು ಕಲ್ಲು ಅಂತ ಎರಡು ಹೆಸರು ಹೇಳ್ತಾರೆ. ಎರಡೂ ಭೀಮಾ ಕೊಳ್ಳದ ಒಂದೇ ಸುಣ್ಣಶಿಲೆ. ತೊಗರಿಯ ಕಥೆಯೂ ಅಷ್ಟೇ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ತಾಂಡೂರು ತೊಗರಿಗೆ 2022ರಲ್ಲಿ. ಸಾರಿಗೆ ಹಾಕಿದ ಮೇಲೆ ಯಾವುದು ಯಾವ ರಾಜ್ಯದ್ದು ಅಂತ ನಮ್ಮವ್ವನಿಗೂ ಹೇಳೋಕಾಗಲ್ಲ.

ಈ ಬೇಸಿಗೆಯಲ್ಲಿ ಒಂದು ತಿಂಗಳು ನಾನು ಸೇಡಂನ ಮನೆಯಿಂದಲೇ ಕೆಲಸ ಮಾಡಿದೆ. ನಮ್ಮ ಕ್ಲೈಂಟ್ ಇರೋದು ಜರ್ಮನಿಯಲ್ಲಿ. ಬೇಸಿಗೆಯಲ್ಲಿ ನಾವು ಅವರಿಗಿಂತ ಮೂರೂವರೆ ಗಂಟೆ ಮುಂದೆ. ಅವರ ಬೆಳಗಿನ ಒಂಬತ್ತು ಅಂದರೆ ನಮಗೆ ಮಧ್ಯಾಹ್ನ ಹನ್ನೆರಡೂವರೆ. ಹೊರಗೆ ಬಿಸಿಲು ಕುದಿಯುವಾಗ ನಾನು ಕಲ್ಲಿನ ನೆಲದ ಮೇಲೆ ಕೂತು ಮೀಟಿಂಗ್‌ನಲ್ಲಿ. ತಂಪಾದ ಬೆಳಗೆಲ್ಲ ನನ್ನದೇ.

ಹಾಗೆ ಒಂದು ಬೆಳಗ್ಗೆ ಅಪ್ಪನ ಜೊತೆ ಬೈಕಿನಲ್ಲಿ ಮಳಖೇಡಕ್ಕೆ ಹೋದೆ. ನಮ್ಮ ತಾಲ್ಲೂಕಿನಲ್ಲೇ, ಕಾಗಿಣಾ ನದಿ ದಂಡೆಯ ಊರು. ಒಂಬತ್ತನೇ ಶತಮಾನದಲ್ಲಿ ಇದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಗ್ರಂಥ 'ಕವಿರಾಜಮಾರ್ಗ' ಬಂದಿದ್ದು ಅಮೋಘವರ್ಷ ನೃಪತುಂಗನ ಆಸ್ಥಾನದಿಂದ. ಅದರ ಪ್ರಕಾರ ಕನ್ನಡ ನಾಡಿನ ಒಂದು ಅಂಚು ಕಾವೇರಿ, ಇನ್ನೊಂದು ಗೋದಾವರಿ. ಆ ಲೆಕ್ಕದಲ್ಲಿ ನಮ್ಮೂರು ಗಡಿಯೇ ಅಲ್ಲ, ಒಳನಾಡು.

ರೈಲಿನ ಲೆಕ್ಕವೂ ಹಾಗೇ. ಮುಂಬೈ–ಮದ್ರಾಸ್ ಮಾರ್ಗಕ್ಕೆ ಸಿಕಂದರಾಬಾದನ್ನು ಜೋಡಿಸಲು ನಿಜಾಮರು ದುಡ್ಡು ಹಾಕಿ ವಾಡಿಯಿಂದ ಹಳಿ ಹಾಕಿಸಿದರು. 1874ರಲ್ಲಿ ಅದು ಶುರುವಾಯಿತು. ವಾಡಿ, ಚಿತ್ತಾಪುರ, ಸೇಡಂ, ತಾಂಡೂರು, ಇವತ್ತಿಗೂ ಅದೇ ಸಾಲು. ಸೇಡಂನಲ್ಲಿ ಹತ್ತಿದರೆ ಒಂದು ಗಂಟೆಯೊಳಗೆ ತಾಂಡೂರು. ಬೋಗಿಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಒಂದೇ ಸೀಟಿನಲ್ಲಿ ಕೂತಿರುತ್ತವೆ. ಗಡಿ ಯಾವಾಗ ದಾಟಿತು ಅಂತ ಗೊತ್ತಾಗೋದು ಫೋನಿಗೆ ಬರೋ ಮೆಸೇಜಿನಿಂದ.

ಎಲ್ಲ ಚೆಂದ ಅಂತ ಹೇಳಲ್ಲ. ಕರೆಂಟ್ ಹೋದಾಗ ವೈಫೈಯೂ ಹೋಗ್ತಿತ್ತು. ಫೋನಿನ ಹಾಟ್‌ಸ್ಪಾಟ್ ಇಟ್ಟುಕೊಂಡು ಮಾಳಿಗೆ ಮೇಲೆ ನಿಂತು ಎರಡು ರಿಲೀಸ್ ಮುಗಿಸಿದೆ. ಎರಡನೇ ವಾರ ಅವ್ವ ಮೆಲ್ಲಗೆ ಅಂದಳು: "ನೀ ಬಂದಿದ್ದು ಛಲೋನೇ ಆಯ್ತು ಯಪ್ಪಾ. ಆದ್ರ ಓಣ್ಯಾಗಿನ ಮಂದಿ, ನಿನ್ ನೌಕರಿ ಹೋಯ್ತೇನಂತ ಕೇಳ್ಲಾಕತ್ತಾರ."

ನಗು ಬಂತು, ಆಮೇಲೆ ಯೋಚನೆಗೂ ಹಚ್ಚಿತು. ನಮ್ಮ ಕಡೆ ಓದಿದ ಹುಡುಗ ಊರಲ್ಲಿದ್ದಾನೆ ಅಂದರೆ ಸೋತು ಬಂದಿದ್ದಾನೆ ಅಂತಲೇ ಅರ್ಥ. ಕಲ್ಲು ಹೋಗುತ್ತೆ, ಸಿಮೆಂಟ್ ಹೋಗುತ್ತೆ, ಬೇಳೆ ಹೋಗುತ್ತೆ, ಮಕ್ಕಳೂ ಹೋಗಬೇಕು. ಅಪ್ಪನಿಗೆ ಈಗ ಅರವತ್ತೆಂಟು. ವರ್ಷಕ್ಕೆ ಎರಡು ಹಬ್ಬಕ್ಕೆ ಬಂದರೆ ಅವರನ್ನ ಇನ್ನೆಷ್ಟು ದಿನ ನೋಡ್ತೀನಿ ಅಂತ ಲೆಕ್ಕ ಹಾಕಿದೆ. ಆ ಸಂಖ್ಯೆ ಇಲ್ಲಿ ಬರೆಯೋಕೆ ಮನಸ್ಸಾಗ್ತಿಲ್ಲ.

ಗೋರ್ಲಿಟ್ಸ್ ಹೊರಗಿನವರಿಗೆ ಮನೆ ಹುಡುಕಿ ಕೊಡಬೇಕಾಯಿತು. ನಮಗೆ ಆ ಖರ್ಚಿಲ್ಲ, ಮನೆ ಇದೆ, ರೊಟ್ಟಿ, ಪುಂಡಿ ಪಲ್ಯ ಕಾಯ್ತಿರುತ್ತೆ. ಬೇಕಿರೋದು ಒಂದು ಹಾಲ್, ಇಪ್ಪತ್ತು ಮೇಜು, ಗಟ್ಟಿ ಬ್ಯಾಟರಿಯ ಇನ್ವರ್ಟರ್, ಎರಡು ಇಂಟರ್ನೆಟ್ ಲೈನ್. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಊರಿಗೊಂದು ಇಂಥದ್ದಾದರೆ ಸಾಕು. ಕಾಲೇಜು ಮುಗಿಸಿದ ಹುಡುಗಿಯರಿಗೂ ಕೂತು ಇಂಟರ್ವ್ಯೂ ಕೊಡೋಕೆ ಜಾಗ ಸಿಗುತ್ತೆ. ನಮ್ಮ ಊರಿನ ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಇದನ್ನ ಹಾಕಿದ್ದೀನಿ. ಖಾಲಿ ಮಾಳಿಗೆ ಇದೆ, ನೋಡಿ ಅಂತ ಒಬ್ಬರು ಹೇಳಿದ್ದಾರೆ.

ನಿಮ್ಮ ಮ್ಯಾನೇಜರ್‌ನ ಒಂದು ತಿಂಗಳು ಕೇಳಿ ನೋಡಿ. ನಾನು ಡಿಸೆಂಬರ್‌ಗೆ ಕೇಳಿದ್ದೀನಿ, ತೊಗರಿ ರಾಶಿ ಟೈಮು. ಅವರಿನ್ನೂ ಹ್ಞೂಂ ಅಂದಿಲ್ಲ.