‘ಸುಮ್ನೆ ಕೂತ್ಕ ಅವ್ವ’ ಅನ್ನೋದು ಸಾಕು

ಕೊಪ್ಪದ ಕಡೆಯವನು ಖುಷ್ಕಿ ಬೇಸಾಯಗಾರ ಎಂದರೆ ಬಯಲುಸೀಮೆಯವರು ನಕ್ಕಾರು. ಆದರೆ ಬಾಳಗಡಿ ಹತ್ತಿರದ ನನ್ನ ಒಂದೂವರೆ ಎಕರೆ ಮಕ್ಕಿ ಗದ್ದೆ, ಅದರ ಮೇಲಿನ ಹಕ್ಕಲು ಎರಡೂ ಮಳೆಯನ್ನೇ ನಂಬಿದವು. ಮಳೆ ಹೋದ ಮೇಲೆ ಹನಿ ನೀರಿಲ್ಲ. ಇರಲಿ, ಈ ಸಲ ನಾನು ಬರೆಯುತ್ತಿರುವುದು ಬೆಳೆ ವಿಚಾರ ಅಲ್ಲ, ಅವ್ವನ ವಿಚಾರ.

ಅವ್ವನಿಗೆ 78 ವರ್ಷ. ಹೋದ ವರ್ಷ ಮಳೆಗಾಲದಲ್ಲಿ ಊಟ ಕಡಿಮೆ ಮಾಡುತ್ತಾ ಬಂದಳು. ರಾತ್ರಿ ನಿದ್ದೆ ಇಲ್ಲ, ಹಗಲು ಗೋಡೆ ನೋಡಿಕೊಂಡು ಕೂರುವುದು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆ ಎಲ್ಲ ಮಾಡಿದರು, ಅಂಥ ದೋಷವೇನೂ ಸಿಗಲಿಲ್ಲ. ಕಡೆಗೆ, “ಇವರು ದಿನಕ್ಕೆ ಎಷ್ಟು ಜನರ ಹತ್ತಿರ ಮಾತಾಡ್ತಾರೆ?” ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಬಸ್ಸಿನಲ್ಲಿ ಬರುವಾಗ ಲೆಕ್ಕ ಹಾಕಿದೆ. “ಊಟ ಆಯ್ತಾ, ಮಾತ್ರೆ ತಗಂಡ್ಯಾ” ಬಿಟ್ಟರೆ ನಾನೇ ಒಂದು ಮಾತು ಆಡಿರಲಿಲ್ಲ.

ಇದು ಒಂದೇ ದಿನಕ್ಕೆ ಆದದ್ದಲ್ಲ. ಮೊದಲು ಅಡಿಕೆ ಕೊಯ್ಲಿನ ಕಾಲದಲ್ಲಿ ಅವ್ವ ಪಕ್ಕದ ತೋಟದ ಮನೆಗೆ ಸುಲಿಯಲು ಹೋಗುತ್ತಿದ್ದಳು. ಹತ್ತು ಹದಿನೈದು ಜನ ಮೆಟ್ಟುಗತ್ತಿ ಮೇಲೆ ಕೂತರೆ ಊರಿನ ಸುದ್ದಿಯೆಲ್ಲ ಅಲ್ಲೇ. ಸುಲಿಯುವ ಯಂತ್ರ ಬಂತು, ಆ ಕೂಟ ಹೋಯಿತು. ಯಂತ್ರದ ಮೇಲೆ ನನಗೇನೂ ಸಿಟ್ಟಿಲ್ಲ, ಆಳು ಸಿಗದವರು ಏನು ಮಾಡಬೇಕು? ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆ 2020ರಲ್ಲಿ ನಿಂತಿತು. ಆಮೇಲೆ ಅವ್ವ ತವರಿಗೆ ಹೋಗುವುದೂ ಕಡಿಮೆಯಾಯಿತು. 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಸರಿ. ಆದರೆ ಆ ಬಸ್ಸು ನಮ್ಮ ಒಂಟಿ ಮನೆ ದಾರಿಗೆ ಬರಬೇಕಲ್ಲ!

ಉಳಿದದ್ದನ್ನು ಕಿತ್ತುಕೊಂಡವನು ನಾನು. ಮಂಡಿ ನೋವು ಅಂತ ಹಸು ಮಾರಿದೆ, ಅವ್ವನನ್ನು ಒಂದು ಮಾತು ಕೇಳಲಿಲ್ಲ. ಬೀಜದ ಕೆಲಸ ಬಿಡಿಸಿ ಅಂಗಡಿ ಪೊಟ್ಟಣ ತಂದೆ. ಎದ್ದರೆ “ಸುಮ್ನೆ ಕೂತ್ಕ ಅವ್ವ, ನಾವ್ ನೋಡ್ಕಳ್ತೀವಿ” ಎನ್ನುತ್ತಿದ್ದೆ. ಪ್ರೀತಿಯಿಂದಲೇ ಹೇಳಿದ್ದು. ಆದರೆ ಅವಳಿಗೆ ಕೇಳಿಸಿದ್ದು ‘ನೀನು ಇನ್ನು ಬೇಡ’ ಅಂತ.

ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಒಂದು ವರದಿ ಹೊರಡಿಸಿದೆ. ಪ್ರಪಂಚದಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನ, ಅದರ ಕಾರಣದಿಂದ ವರ್ಷಕ್ಕೆ 8 ಲಕ್ಷ 71 ಸಾವಿರಕ್ಕೂ ಹೆಚ್ಚು ಸಾವು ಎಂದು ಅದರ ಅಂದಾಜು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರು 2024ರಲ್ಲಿ ಮರೆವಿನ ಕಾಯಿಲೆಗೆ ದಾರಿಯಾಗುವ 14 ಸಂಗತಿ ಪಟ್ಟಿ ಮಾಡಿದರು. ನಾವು ಮನಸ್ಸು ಮಾಡಿದರೆ ತಡೆಯಬಹುದಾದ ಸಂಗತಿಗಳು ಇವು. ಅದರಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ. ಜೊತೆಗೆ ಕಿವಿ ಮಂದವಾಗುವುದು, ಮನಸ್ಸು ಕುಗ್ಗುವುದು, ಜನರ ಒಡನಾಟ ತಪ್ಪುವುದು ಕೂಡ ಇವೆ. ಅವ್ವನ ಕಿವಿ ಮಂದವಾಗಿ ಎಷ್ಟೋ ವರ್ಷ ಆಗಿತ್ತು. ನಾವು ಅದನ್ನು ತಮಾಷೆ ಮಾಡಿಕೊಂಡು ಇದ್ದೆವು.

ಕಿವಿಗೆ ಯಂತ್ರ ಹಾಕಿಸಿದೆವು. ಮೊದಲು ಕುಂಯ್ ಎನ್ನುತ್ತೆ ಅಂತ ತೆಗೆದು ಡಬ್ಬಿಯಲ್ಲಿ ಇಟ್ಟಳು. ಎರಡು ಸಲ ಹೋಗಿ ಸರಿ ಮಾಡಿಸಿದ ಮೇಲೆ ಒಗ್ಗಿತು. ಬೀಜದ ಕೆಲಸ ಮತ್ತೆ ಶುರುವಾದದ್ದು ನನ್ನ ಹೆಂಡತಿಯಿಂದ. “ಅತ್ತೆ, ಪೊಟ್ಟಣದ ಮೊಗೆಬೀಜ ಹುಟ್ಟಲೇ ಇಲ್ಲ, ನೀವು ಹೆಂಗೆ ಇಡ್ತಿದ್ರಿ?” ಅಂತ ಕೇಳಿದಳು. ಅವ್ವ ಎದ್ದು ಒಲೆ ಬೂದಿ ತರಿಸಿದಳು. ಬೀಜ ಕಲಸಿ ಗೋಡೆಗೆ ಬಡಿದು ತೋರಿಸಿದಳು. ಈ ವರ್ಷ ಮೂರು ಮನೆಯವರು ಬೀಜ ಕೇಳಿಕೊಂಡು ಬಂದರು. ಬಂದವರು ಕೂತು ಕಾಫಿ ಕುಡಿದೇ ಹೋದರು. ಅವ್ವ ಈಗ ಎರಡು ಹೊತ್ತು ಊಟ ಮಾಡುತ್ತಾಳೆ. ಮಂಡಿ ನೋವು ಹಾಗೇ ಇದೆ, ಸಿಟ್ಟು ಮೊದಲಿಗಿಂತ ಜಾಸ್ತಿ!

“ವಯಸ್ಸಾದವಳ ಕೈಲಿ ಕೆಲಸ ಮಾಡಿಸ್ತಾನೆ” ಎಂದು ಆಡಿಕೊಂಡವರೂ ಇದ್ದಾರೆ. ದುಡಿಸಿಕೊಳ್ಳುವುದು ಬೇರೆ, ಕೇಳಿ ಮಾಡುವುದು ಬೇರೆ. ಹೊರೆ ಹೊರಿಸಬೇಡಿ, ಮಾತು ಕೇಳಿ. ಹಾಗೆಂದು ಡಾಕ್ಟರನ್ನು ಬಿಡಿ ಎನ್ನುತ್ತಿಲ್ಲ. ಮನಸ್ಸು ಕುಗ್ಗುವುದೂ ಒಂದು ಕಾಯಿಲೆಯೇ, ಅದಕ್ಕೂ ಔಷಧಿ ಇದೆ.

ತಂದೆ ತಾಯಿಯನ್ನು ಸಾಕದ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಯವರಿಗೆ ದೂರು ಕೊಡಲು 2007ರಿಂದಲೂ ಕಾನೂನಿದೆ. ಹಿರಿಯರ ಸಹಾಯವಾಣಿ 14567 ಇದೆ. ತಿಳಿದಿರುವುದು ಒಳ್ಳೆಯದು. ಆದರೆ ಕಾನೂನು ಅಕ್ಕಿ ಕೊಡಿಸೀತು, ಜೊತೆಗೆ ಕೂತು ಮಾತಾಡಲು ಜನ ಕೊಡಿಸಲಾರದು.

ಇದರಲ್ಲಿ ನಮ್ಮ ಸ್ವಾರ್ಥವೂ ಇದೆ. ನಮ್ಮ ಮಕ್ಕಳು ಬೆಂಗಳೂರಲ್ಲಿದ್ದಾರೆ, ಐವತ್ತು ದಾಟಿದ ನಾವೇ ಮುಂದೆ ಆ ಗೋಡೆ ನೋಡುವವರು. ಈಗಿಂದಲೇ ಅಕ್ಕಪಕ್ಕದವರ ಜೊತೆ ಹೋಗಿ ಬಂದು ಇಟ್ಟುಕೊಳ್ಳೋಣ. ಗದ್ದೆ ಗಡಿ ಜಗಳಕ್ಕೆ ನಾನೂ ಒಬ್ಬರ ಹತ್ತಿರ ಆರು ವರ್ಷ ಮಾತು ಬಿಟ್ಟಿದ್ದೆ. ಮೊನ್ನೆ ಅವ್ವನ ಮೊಗೆಬೀಜ ಹಿಡಿದು ಅವರ ಮನೆಗೆ ಹೋಗಿದ್ದೆ. ಅವರ ತಾಯಿಯೂ ಒಳಗೆ ಒಬ್ಬರೇ ಕೂತಿದ್ದರು. ಮುಂದಿನ ವಾರ ಕರೆದುಕೊಂಡು ಬರುತ್ತೇನೆ ಎಂದಿದ್ದಾರೆ.