ಪದವಿಚಾರ: ‘ಗ್ರೇವರ್’

ಇಂಗ್ಲಿಷಿನ ‘ಗ್ರೇವರ್’ ಎಂಬ ಶಬ್ದಕ್ಕೆ ‘ಗುರುತರ’ ಎಂದು ಅರ್ಥ ಹೇಳಿದರೆ ಸಾಲದೇ ಎಂದು ವಾಚಕ ಮಹಾಶಯರೊಬ್ಬರು ಕೇಳಿರುವರು. ನಿಘಂಟಿನ ಮಟ್ಟಿಗೆ ಸಾಕು. ಮನೆಯ ವ್ಯವಹಾರಕ್ಕೆ ಸಾಲದು. ಇದನ್ನು ನಾವು ದುಃಖಪಟ್ಟು ಕಲಿತವರು.

ನಮ್ಮ ದೇಶದಲ್ಲಿ ತಂತಿಯ ಸೇವೆಯು 2013ರಲ್ಲಿ ನಿಂತುಹೋಯಿತಷ್ಟೆ. ಅದಕ್ಕೆ ಬಹಳ ಹಿಂದೆ, ನಮ್ಮ ಸೋದರಮಾವನವರು ಪರಸ್ಥಳದಲ್ಲಿ ಕಾಯಿಲೆ ಬಿದ್ದಿದ್ದಾಗ ಅವರ ಮಗನಿಂದ ಒಂದು ತಂತಿ ಬಂದಿತು. ‘ಕಂಡಿಷನ್ ನೋ ಗ್ರೇವರ್’ ಎಂದು ಮೂರೇ ಮಾತು. ನಾವು ಅದನ್ನು ‘ಸ್ಥಿತಿ ಗಂಭೀರವಾಗಿಲ್ಲ’ ಎಂದು ಓದಿ ತಾಯಿಯವರಿಗೆ ತಿಳಿಸಿದೆವು. ಅವರು ದೇವರಿಗೆ ಕೈಮುಗಿದು, ಹಬ್ಬ ಕಳೆದ ಮೇಲೆ ಹೊರಡೋಣವೆಂದರು. ಎರಡು ದಿನ ತಡೆದು ಬಂದ ಕಾಗದದಲ್ಲಿ, ತಂತಿಗೆ ಹಿಂದಿನ ದಿನವೇ ಬರೆದದ್ದು, ವೈದ್ಯರು ‘ಗ್ರೇವ್’ ಎಂದಿರುವರೆಂದಿತ್ತು. ಹುಡುಗನು ಹೇಳಿದ್ದು, ನಿನ್ನೆಗಿಂತ ಹೆಚ್ಚು ಗಂಭೀರವಾಗಿಲ್ಲವೆಂದು. ಪದಕ್ಕಿಷ್ಟೆಂದು ಹಣ ತೆರಬೇಕಾದುದರಿಂದ ‘ನಿನ್ನೆಗಿಂತ’ ಎಂಬುದನ್ನು ಬಿಟ್ಟಿದ್ದನು. ನಾವು ಹೋಗಿ ಸೇರುವಷ್ಟರಲ್ಲಿ ಮಾವನವರಿಗೆ ಮಾತು ನಿಂತಿತ್ತು. ತಂಗಿಯ ಕೈಯನ್ನು ಹಿಡಿದುಕೊಂಡರು, ಅಷ್ಟೆ.

ತಪ್ಪು ನಮ್ಮದೇ. ಆದರೆ ಅದರಲ್ಲಿ ‘ಗುರುತರ’ಕ್ಕೂ ಪಾಲುಂಟು. ಸಂಸ್ಕೃತದಲ್ಲಿ ‘ತರ’ ಪ್ರತ್ಯಯವು ಎರಡರೊಳಗೆ ಹೆಚ್ಚಿನದನ್ನು ಸೂಚಿಸತಕ್ಕದ್ದು. ಕನ್ನಡದಲ್ಲಾದರೋ ‘ಗುರುತರವಾದ ಆರೋಪ’ವೆಂದಾಗ, ಯಾವುದಕ್ಕಿಂತ ಎಂದು ಯಾರೂ ಕೇಳುವುದಿಲ್ಲ; ಬಹು ದೊಡ್ಡ ಆರೋಪವೆಂದೇ ತಿಳಿಯುತ್ತೇವೆ. ಹೋಲಿಕೆಯ ಭಾವವು ಸವೆದುಹೋಗಿದೆ. ನಮ್ಮ ಭಾಷೆಯಲ್ಲಿ ಹೋಲಿಕೆಯೆಲ್ಲ ‘ಗಿಂತ’ ಎಂಬುದರಲ್ಲಿರುವುದೇ ಹೊರತು ವಿಶೇಷಣದಲ್ಲಿಲ್ಲ. ಇಂಗ್ಲಿಷಿನಲ್ಲಿ ಕೊನೆಯ ಆ ‘ಅರ್’ ಸದ್ದೊಂದೇ ಅಷ್ಟು ಕೆಲಸವನ್ನೂ ಮಾಡುತ್ತದೆ. ಅದು ಕಂಡೊಡನೆ, ಬರೆದಿರಲಿ ಬಿಡಲಿ, ಒಂದು ‘ಗಿಂತ’ವನ್ನು ನಾವೇ ಹುಡುಕಿಕೊಳ್ಳಬೇಕು.

ಸೋಜಿಗವೆಂದರೆ, ‘ಗ್ರೇವ್’ ಶಬ್ದದ ತಾಯಿಯಾದ ಲ್ಯಾಟಿನಿನ ‘ಗ್ರಾವಿಸ್’ ಮತ್ತು ಸಂಸ್ಕೃತದ ‘ಗುರು’ ಒಂದೇ ಬೇರಿನವು. ಎರಡಕ್ಕೂ ಭಾರವಾದದ್ದೆಂಬುದೇ ಮೊದಲಿನ ಅರ್ಥ. ಸಮಾಧಿ ಎಂಬರ್ಥದ ‘ಗ್ರೇವ್’ ಬೇರೆ; ಅದು ಅಗೆಯುವುದೆಂಬ ಅರ್ಥದ ಧಾತುವಿನಿಂದ ಬಂದುದು. ಕಾಯಿಲೆಯ ಸುದ್ದಿಯಲ್ಲಿ ಎರಡನ್ನೂ ಬೆರೆಸಿ ಹೆದರುವವರನ್ನು ಕಂಡಿದ್ದೇವೆ.

ಪ್ರಯೋಗದ ವಿಷಯ. ಅಪಾಯ, ಅಪರಾಧ, ಆರೋಪ, ತಪ್ಪು, ರೋಗಿಯ ಸ್ಥಿತಿ, ಇವುಗಳಿಗೆ ‘ಗ್ರೇವರ್’ ಸಲ್ಲುವುದು. ಚಳಿಗೂ ತಲೆನೋವಿಗೂ ಸಲ್ಲದು. ಅಲ್ಲಿ ‘ಮೋರ್ ಸಿವಿಯರ್’ ಎನ್ನಬೇಕು. 1860ರ ದಂಡಸಂಹಿತೆಯಲ್ಲಿ, ಕೊಲೆಯ ಆರೋಪವನ್ನು ತಗ್ಗಿಸಬಲ್ಲ ಕೆರಳಿಕೆಯು ಹಠಾತ್ತಾಗಿದ್ದರೆ ಸಾಲದು, ‘ಗ್ರೇವ್’ ಕೂಡ ಆಗಿರಬೇಕೆಂದಿತ್ತು. 2024ರ ಜುಲೈಯಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಆ ಮಾತು ಹಾಗೆಯೇ ಉಳಿದಿದೆ.

ಗಂಭೀರವಾಗಿಲ್ಲವೆನ್ನಲು ‘ನಾಟ್ ಗ್ರೇವ್’ ಎನ್ನಬೇಕು. ‘ನೋ ಗ್ರೇವರ್’ ಎಂದರೆ ಇದ್ದಂತೆಯೇ ಇದೆ ಎಂದರ್ಥ. ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಸಿ ಕಳುಹಿಸಿದ್ದರೆ ಆಗುತ್ತಿರಲಿಲ್ಲವೇ ಎಂದು ನಮ್ಮ ತಾಯಿಯವರು ಮುಂದೆ ಎಷ್ಟೋ ಸಲ ಕೇಳುತ್ತಿದ್ದರು.