ಗುಡುಗು ಕೇಳಿರೆ ಮೈಕು ಆಫ್ ಮಾಡಿ



ಜಾತ್ರೆ, ಹರಕೆ ಆಟ, ಭಜನಾ ಮಂಗಲೋತ್ಸವ, ನಮ್ಮ ಊರಿಲಿ ಯೇವ ಕಾರ್ಯಕ್ರಮವೇ ಇರಲಿ, ಆಕಾಶ ಕಪ್ಪಾದ ಕೂಡ್ಲೇ ಮೈಕಿಲಿ ಒಂದು ಮಾತು ಕೇಳ್ತು: "ಆರೂ ಏಳೆಡಿ, ದೇವರು ನೋಡಿಗೊಳ್ತವು." ಎನಗೆ ಇದರ ಕೇಳಿರೆ ಪಿಸುರು ಬತ್ತು. ದೇವರು ನೋಡಿಗೊಂಬದು ಸರಿ. ಕಣ್ಣು, ಕೆಮಿ, ಬುದ್ಧಿ ನವಗೆ ಕೊಟ್ಟದುದೇ ಆ ದೇವರೇ ಅಲ್ಲದೋ?

"ಅರ್ಧಲ್ಲಿ ನಿಲ್ಸಿರೆ ಅಪಚಾರ" ಹೇಳುವವಕ್ಕೆ ಆನು ಪತ್ತನಾಜೆಯ ನೆಂಪು ಮಾಡ್ತೆ. ತುಳುವಿನ ಬೇಶ್ಯ ತಿಂಗಳಿನ ಹತ್ತನೇ ದಿನ, ಹೇಳಿರೆ ಮೇ 24-25ರ ಹೊತ್ತಿಂಗೆ, ಮೇಳದವು ಗೆಜ್ಜೆ ಬಿಚ್ಚುತ್ತವು, ಕೋಲ-ನೇಮ ನಿಲ್ಲುತ್ತು, ಉತ್ಸವಂಗೊ ಮುಗಿತ್ತು. ಮಳೆಗಾಲ ಕಳುದ ಮತ್ತೆಯೇ ಪುನಃ ಸುರು. ನಿಲ್ಸುದು ಅಪಚಾರ ಆಗಿದ್ದರೆ ಹಿರಿಯರು ದೇವರ ಹೆಸರಿಲೇ ನಿಲ್ಸುವ ದಿನ ಮಡಗುತ್ತಿತ್ತವೋ? ಕೊರೋನ ಬಂದ 2020ರಲ್ಲಿ ಜಾತ್ರೆಗೊ ನಿಂದತ್ತು, ಗುಡಿಯ ಒಳ ಪೂಜೆ ನಡದತ್ತು. ದೇವರು ಪಿಸುರು ಮಾಡಿದ್ದವಿಲ್ಲೆ.

ನಮ್ಮಲ್ಲಿ ಜೋರು ಗುಡುಗು-ಸೆಡ್ಲು ಬಪ್ಪದು ಮಳೆಗಾಲ ಹಿಡಿವ ಮದಲು, ಎಪ್ರಿಲು-ಮೇ ತಿಂಗಳಿಲಿ. ಮತ್ತೆ ಮಳೆ ಹಿಂದೆ ಹೋಪಗ ಅಕ್ಟೋಬರಿಲಿ. ಜಾತ್ರೆ, ಆಟ, ಬ್ರಹ್ಮಕಲಶದ ಗೌಜಿಯೂ ಎಪ್ರಿಲು-ಮೇಲಿಯೇ. ಅಂಬಗ ಇದು ಎಂದೋ ಒಂದರಿ ಬಪ್ಪ ಗ್ರಾಚಾರ ಅಲ್ಲ, ಪ್ರತಿ ವರ್ಷದ ಲೆಕ್ಕ. ಕಮಿಟಿಯ ಖರ್ಚಿನ ಪಟ್ಟಿಲಿ ಬಣ್ಣದ ಲೈಟಿಂಗೆ ಪೈಸೆ ಇದ್ದು, ಚಪ್ಪರಕ್ಕೆ ನಾಲ್ಕು ಬಳ್ಳಿ ಹೆಚ್ಚು ಕಟ್ಟುಲೆ ಇಲ್ಲೆ.

ದೂರದ ಒಂದು ಉದಾಹರಣೆ ಹೇಳ್ತೆ. 2019ರ ಜೂನ್ 23ಕ್ಕೆ ರಾಜಸ್ಥಾನದ ಬಾರ್ಮೇರ್ ಜಿಲ್ಲೆಯ ಜಸೋಲಿಲಿ ರಾಮಕಥೆ ನಡೆತ್ತಾ ಇಪ್ಪಗ ಬಿರುಗಾಳಿಗೆ ಚಪ್ಪರ ಕುಸುದತ್ತು, ಕರೆಂಟುದೇ ತಾಗಿತ್ತು. ಹತ್ತಕ್ಕಿಂತ ಹೆಚ್ಚು ಜೆನ ಸತ್ತವು. ಅವು ಕೇಳ್ಲೆ ಬಂದದು ರಾಮನ ಕಥೆಯನ್ನೇ. ಅವರ ಭಕ್ತಿ ಕಮ್ಮಿ ಆತು ಹೇಳ್ಲೆ ಎಡಿಗೋ?

ಹೆಮ್ಮಕ್ಕೊಗೆ ಇದೆಲ್ಲ ಎಂತಕೆ ಹೇಳಿ ಕೇಳುವವು ಇದ್ದವು. ಚಪ್ಪರದ ಅಡಿಲಿ ಇಪ್ಪದು ನಾವೇ ಅಲ್ಲದೋ? ಬೆಂದಿಗೆ ಕೊರವದು, ಬಳುಸುದು, ಕುಣಿವ ಮಕ್ಕಳ ಹೆರಡ್ಸುದು ನಾವು. ತಗಡು ಶೀಟಿನ ಅಡಿಲಿ ಗ್ಯಾಸು ಸಿಲಿಂಡರು, ಕೊದಿವ ಸಾಂಬಾರಿನ ಕೊಪ್ಪರಿಗೆ. ಕಳುದ ವರ್ಷ ಒಂದು ಕಡೆ ಗಾಳಿಗೆ ಅಡಿಗೆ ಕೊಟ್ಟಗೆಯ ಶೀಟು ಎದ್ದು ಎದ್ದು ಬಡಿವಗಳೂ ಮೈಕಿಲಿ ದಾನಿಗಳ ಹೆಸರು ಓದುದು ನಿಂದಿದಿಲ್ಲೆ. ಅಧ್ಯಕ್ಷರು ಕಾರ್ಯದರ್ಶಿಯ ಮೋರೆ ನೋಡಿದವು, ಕಾರ್ಯದರ್ಶಿ ಭಟ್ರ ಮೋರೆ ನೋಡಿದವು. "ನಿಲ್ಸಿ" ಹೇಳುವ ಅಧಿಕಾರ ಆರಿಂಗೆ ಹೇಳಿ ಆರಿಂಗೂ ಗೊಂತಿಲ್ಲೆ. ನಿಜವಾದ ತೊಂದರೆ ಇದುವೇ, ಮಳೆ ಅಲ್ಲ.

ಹಾಂಗಾಗಿ ಮುಂದಾಣ ಸರ್ತಿ "ಅಡಿಗೆಗೆ ಸೇರೆಕ್ಕು ಅಕ್ಕ" ಹೇಳಿ ದಿನಿಗೇಳ್ಲೆ ಬಂದರೆ ಮೂರು ಪ್ರಶ್ನೆ ಕೇಳುವ.

ಒಂದು, ನಿಲ್ಸುಲೆ ಹೇಳುದು ಆರು? ಒಂದು ಜೆನದ ಹೆಸರು ಮದಲೇ ಬೇಕು. ಅವು ಹೇಳಿದ ಮೇಲೆ ಅಧ್ಯಕ್ಷರುದೇ ಎದುರು ಮಾತಾಡ್ಲಾಗ.

ಎರಡು, ಜೆನ ಎಲ್ಲಿಗೆ ಹೋಪದು? ಶಾಮಿಯಾನ, ಶೀಟಿನ ಕೊಟ್ಟಗೆ, ಅಶ್ವತ್ಥಕಟ್ಟೆ ಆಗ. ಶಾಲೆಯೋ ಸಭಾಭವನವೋ, ಗಟ್ಟಿ ಕಟ್ಟಡ ಆಯೆಕ್ಕು. ಬೀಗದ ಕೈ ಆ ದಿನ ಅಲ್ಲಿಯೇ ಬೇಕು.

ಮೂರು, ಜನರೇಟರು, ಮೈನ್ ಸ್ವಿಚ್ಚು, ಗ್ಯಾಸು ಬಂದ್ ಮಾಡುದು ಆರು?

ಯೇವಗ ನಿಲ್ಸುದು ಹೇಳಿ ತಿಳಿವಲೆ ದೊಡ್ಡ ಕಲಿವಿಕೆ ಬೇಡ. ಮಿಂಚು ಕಂಡಲ್ಲಿಂದ ಸೆಕೆಂಡು ಎಣುಸಿ. ಮೂರು ಸೆಕೆಂಡಿಂಗೆ ಸುಮಾರು ಒಂದು ಕಿಲೋಮೀಟರು. ಮೂವತ್ತು ಎಣುಸುವ ಮದಲೇ ಗುಡುಗಿರೆ ಸೆಡ್ಲು ಹತ್ತು ಕಿಲೋಮೀಟರಿನ ಒಳವೇ ಇದ್ದು, ಎದ್ದು ಒಳ ಹೋಪದೇ. ಅಕೇರಿಯ ಗುಡುಗು ಕೇಳಿ ಅರ್ಧ ಗಂಟೆ ಕಳುದ ಮತ್ತೆ ಹೆರ ಬಪ್ಪದು. ಪುಣೆಯ ಹವಾಮಾನ ಸಂಸ್ಥೆಯ 'ದಾಮಿನಿ' ಆಪು ಫೋನಿಲಿ ಹಾಕಿಗೊಂಡರೆ, ಹತ್ತರೆ ಸೆಡ್ಲಿದ್ದರೆ ಅದುವೇ ಹೇಳ್ತು.

"ಪೈಸೆ ಕೊಟ್ಟಾಯಿದು, ಆಟ ಬಿಡ್ಲೆ ಎಡಿಯ" ಹೇಳುಗು. ಸಭಾಭವನಲ್ಲಿ ಆಡಿರೂ ಹರಕೆ ಆಟ ಹರಕೆಯೇ. ಪೂಜೆಯ ನಿಲ್ಸಿ ಹೇಳಿ ಆರೂ ಹೇಳ್ತವಿಲ್ಲೆ. ನಿಲ್ಲೆಕ್ಕಾದ್ದು ಬಯಲಿಲಿ ಜೆನ ಕೂಪದು. ಪೈಸೆ ಬಪ್ಪ ವರ್ಷ ಒಟ್ಟು ಮಾಡ್ಲಕ್ಕು. ಹೋದ ಜೀವಕ್ಕೆ ರಶೀದಿ ಪುಸ್ತಕ ಇಲ್ಲೆ.

ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕದ್ದೆ ಆನು ಮೆಟ್ಟುಕತ್ತಿ ಹಿಡಿವಲೆ ಇಲ್ಲೆ. ನಿಂಗಳುದೇ ಹಾಂಗೇ ಹೇಳಿ. ಬೆಂದಿ ಇಲ್ಲದ್ದ ಜಾತ್ರೆ ಹೇಂಗಿಕ್ಕು ಹೇಳಿ ಕಮಿಟಿಯವಕ್ಕೆ ಲಾಯ್ಕಲ್ಲಿ ಗೊಂತಿದ್ದು.